ಗುಳೆ ಹೋದವರ ಹೆಸರು ಪುಸ್ತಕದಲ್ಲಿರಲಿ
(ಪವಿತ್ರ ಕುಟುಂಬದ ಹಬ್ಬಕ್ಕೆ ಒಂದು ಚಿಂತನೆ)

ಕ್ರಿಸ್ತ ಜಯಂತಿ ಮುಗಿದು ಬರುವ ಭಾನುವಾರ ಸಾಮಾನ್ಯವಾಗಿ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ದೇವಾಲಯದ ಗೋದಲಿಯಲ್ಲಿ ಇನ್ನೂ ದೀಪ ಉರಿಯುತ್ತಿರುತ್ತದೆ. ಮನೆಯಲ್ಲಿ ಕರ್ಚಿಕಾಯಿ, ಚಕ್ಕುಲಿಯ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ. ಆದರೆ ಆರಾಧನಾ ವಿಧಿಯ 'ಎ' ವರ್ಷದಲ್ಲಿ ಅಂದು ನಾವು ಕೇಳುವ ಶುಭಸಂದೇಶದಲ್ಲಿ ಹಬ್ಬದ ಸಡಗರವಿಲ್ಲ. ಜೋಸೆಫರು ರಾತ್ರೋರಾತ್ರಿ ಎದ್ದು, ಹಸುಗೂಸನ್ನೂ ತಾಯಿ ಮರಿಯಳನ್ನೂ ಕರೆದುಕೊಂಡು ಊರು ಬಿಡುತ್ತಾರೆ. ಪರದೇಶವಾದ ಈಜಿಪ್ಟಿನಲ್ಲಿ ನೆಲೆಸುತ್ತಾರೆ. ಹೆರೋದನು ಸತ್ತ ಮೇಲೆ ತಿರುಗಿ ಬಂದು ನಜರೇತೆಂಬ ಸಣ್ಣ ಊರಿನಲ್ಲಿ ಮನೆ ಮಾಡುತ್ತಾರೆ (ಮತ್ತಾಯ 2:13-15, 19-23).

ಊರು ಬಿಟ್ಟು ಹೋಗುವುದು, ಮತ್ತೆ ಬರುವುದು ಎಂದಾಗ ನಮ್ಮ ಉತ್ತರ ಕರ್ನಾಟಕದ ಜನರಿಗೆ ಒಂದು ಮಾತು ತಾನಾಗಿಯೇ ನೆನಪಿಗೆ ಬರುತ್ತದೆ: ಗುಳೆ. ಪವಿತ್ರ ಕುಟುಂಬ ಓಡಿದ್ದು ಹೆರೋದನ ಕತ್ತಿಗೆ ಹೆದರಿ, ನಮ್ಮ ಜನ ಹೋಗುವುದು ಬರಕ್ಕೆ ಮತ್ತು ಸಾಲಕ್ಕೆ ಹೆದರಿ. ಕಾರಣ ಬೇರೆಯಾದರೂ ಬಾಗಿಲಿಗೆ ಬೀಗ ಹಾಕುವಾಗಿನ ಸಂಕಟ ಬೇರೆಯಲ್ಲ. ಹನ್ನೆರಡನೆಯ ಪಯಸ್ ಜಗದ್ಗುರುಗಳು 1952ರ ಆಗಸ್ಟ್ 1ರಂದು ವಲಸಿಗರ ಆತ್ಮಿಕ ಆರೈಕೆಯ ಬಗ್ಗೆ ಹೊರಡಿಸಿದ ಪತ್ರಕ್ಕೆ 'ಎಕ್ಸುಲ್ ಫಮಿಲಿಯಾ' ಎಂದು ಹೆಸರು. 'ದೇಶ ಬಿಟ್ಟ ಕುಟುಂಬ' ಎಂದು ಅದರ ಅರ್ಥ. ಊರು ತೊರೆದ ಎಲ್ಲ ಕುಟುಂಬಗಳಿಗೆ ನಜರೇತಿನ ಪವಿತ್ರ ಕುಟುಂಬವೇ ಮಾದರಿ ಎಂದು ಅವರು ಅದರಲ್ಲಿ ಬೋಧಿಸಿದರು.

ಈ ಹಬ್ಬದ ದಿನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಗುಳೆ ಹೋದ ಕುಟುಂಬವನ್ನು ಊರಿಗೆ ಕಟ್ಟಿಹಾಕಿ ಇಡುವ ಎಳೆ ಯಾವುದು?

ಮೂರು ತಾಲೂಕುಗಳ ಕಥೆ

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದರ ಉತ್ತರ ಭಾಗದಲ್ಲಿರುವ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳನ್ನೇ ತೆಗೆದುಕೊಳ್ಳೋಣ. ಗಜೇಂದ್ರಗಡವು ರೋಣದಿಂದ ಬೇರೆಯಾಗಿ ಸ್ವತಂತ್ರ ತಾಲೂಕಾದದ್ದು 2018ರಲ್ಲಿ. ನರಗುಂದದ ಕಡೆ ಎರೆ ಭೂಮಿ, ನವಿಲುತೀರ್ಥ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ಕಾಲುವೆ. ಆದರೂ ನೀರು ಸಾಲದೆ ಮಹದಾಯಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ರೋಣದ ಹೊಲಗಳಿಗೆ ಬಹುಪಾಲು ಮಳೆಯೇ ಗತಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಗಜೇಂದ್ರಗಡದಲ್ಲಿ ಗುಡ್ಡದ ಸಾಲು, ಮಸಾರಿ ಹೊಲ, ಊರೊಳಗೆ ಸೀರೆ ನೇಯುವ ಮಗ್ಗಗಳು.

ಮಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಲೇ, ಸುಮಾರಾದ ವರ್ಷ ಹಿಂಗಾರಿ ಸುಗ್ಗಿ ಮುಗಿದ ಮೇಲೆ, ಹಳ್ಳಿಗಳಿಂದ, ತಾಂಡಾಗಳಿಂದ ಜನ ಗಂಟುಮೂಟೆ ಕಟ್ಟುತ್ತಾರೆ. ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿನ ಕಟ್ಟಡದ ಕೆಲಸ, ರಸ್ತೆಯ ಕೆಲಸ. ಹರೆಯದವರು ಹೋದ ಮನೆಯಲ್ಲಿ ಅಜ್ಜ, ಅಜ್ಜಿ ಮತ್ತು ಶಾಲೆಗೆ ಹೋಗುವ ಮಗು ಉಳಿಯುತ್ತಾರೆ. ಕೆಲವೊಮ್ಮೆ ಮಗುವೂ ಹೋಗುತ್ತದೆ. ಜಾತ್ರೆಗೋ, ಪಂಚಮಿಗೋ, ಮುಂಗಾರು ಬಿತ್ತನೆಗೋ ತಿರುಗಿ ಬರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಷ್ಟೋ ಕುಟುಂಬಗಳು ಹೊರಡುವುದು ಕೂಲಿ ಹೆಚ್ಚು ಸಿಗುತ್ತದೆಂಬ ಆಸೆಯಿಂದ ಮಾತ್ರವಲ್ಲ. ಮಗಳ ಮದುವೆಗೆ, ತಾಯಿಯ ಔಷಧಿಗೆ, ಕೊಳವೆಬಾವಿಗೆ ಮೇಸ್ತ್ರಿಯಿಂದ ಮುಂಗಡ ತಂದಿರುತ್ತಾರೆ. ಮುಂಗಡ ಪಡೆದವನಿಗೆ ಹೋಗುವುದೋ ಬಿಡುವುದೋ ಎಂಬ ಆಯ್ಕೆಯೇ ಉಳಿಯುವುದಿಲ್ಲ. ಐದು ಸಾವಿರ ರೂಪಾಯಿ ಸಮಯಕ್ಕೆ ಬೇರೆ ಕಡೆ ಸಿಕ್ಕಿದ್ದರೆ ಅವ್ವ ಮಕ್ಕಳೊಡನೆ ಊರಿನಲ್ಲೇ ಉಳಿಯುತ್ತಿದ್ದಳು, ಅಪ್ಪ ಒಬ್ಬನೇ ಹೋಗಿಬರುತ್ತಿದ್ದ. ಈ ಐದು ಸಾವಿರದ ಮಾತನ್ನು ನೆನಪಿಡಿ, ಮುಂದೆ ಅದು ಮತ್ತೆ ಬರುತ್ತದೆ.

ನಜರೇತಿನಲ್ಲಿ ವಾರಕ್ಕೊಂದು ದಿನ

ಈಜಿಪ್ಟಿನಿಂದ ಬಂದ ಆ ಕುಟುಂಬ ನಜರೇತಿನಲ್ಲಿ ಹೇಗೆ ಬದುಕಿತು? ಶುಭಸಂದೇಶಕಾರರು ಹೆಚ್ಚು ಹೇಳುವುದಿಲ್ಲ. ಆದರೆ ಸಂತ ಲೂಕರು ಒಂದು ಸುಳಿವು ಕೊಡುತ್ತಾರೆ. ಯೇಸು ದೊಡ್ಡವರಾಗಿ ನಜರೇತಿಗೆ ಬಂದಾಗ ಸಬ್ಬತ್ ದಿನ ಪ್ರಾರ್ಥನಾಮಂದಿರಕ್ಕೆ ಹೋದರು, ಅದು ಅವರ ವಾಡಿಕೆಯಾಗಿತ್ತು ಎನ್ನುತ್ತಾರೆ (ಲೂಕ 4:16). ವಾಡಿಕೆ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಜೋಸೆಫರು ಕೈಹಿಡಿದು ವಾರ ವಾರವೂ ಕರೆದೊಯ್ದಿರಬೇಕು. ಊರು ಕಳೆದುಕೊಂಡು ತಿರುಗಿ ಬಂದ ಮಗುವಿಗೆ ನಜರೇತಿನಲ್ಲಿ ಒಂದು ಮನೆ ಸಿಕ್ಕಿತು, ಜೊತೆಗೆ ವಾರಕ್ಕೊಮ್ಮೆ ತಪ್ಪದೆ ಬಾಗಿಲು ತೆರೆಯುವ ಒಂದು ಜಾಗವೂ ಸಿಕ್ಕಿತು.

ಆ ಕಾಲದ ಪ್ರಾರ್ಥನಾಮಂದಿರ ಬರೀ ಪ್ರಾರ್ಥನೆಯ ಸ್ಥಳವಾಗಿರಲಿಲ್ಲ. ಸೂಡಿ, ಲಕ್ಕುಂಡಿಯ ಶಾಸನಗಳನ್ನು ಕಂಡ ನಮಗೆ ಕಲ್ಲಿನ ಮಾತಿನ ಬೆಲೆ ಗೊತ್ತು. ಯೆರೂಸಲೇಮಿನಲ್ಲಿ 1913-14ರ ಉತ್ಖನನದಲ್ಲಿ ಗ್ರೀಕ್ ಭಾಷೆಯ ಒಂದು ಶಾಸನ ದೊರೆಯಿತು. ಥೆಯೊದೋತ ಎಂಬ ಯಾಜಕ ಪ್ರಾರ್ಥನಾಮಂದಿರವೊಂದನ್ನು ಏತಕ್ಕಾಗಿ ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಧರ್ಮಶಾಸ್ತ್ರವನ್ನು ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ, ಪರಸ್ಥಳದಿಂದ ಬಂದ ನಿರ್ಗತಿಕರಿಗೆ ಕೋಣೆ ಮತ್ತು ನೀರು ಒದಗಿಸುವುದಕ್ಕೆ ಎಂಬುದು ಅದರ ಸಾರಾಂಶ. ಓದು, ಕಲಿಕೆ, ದಾರಿಹೋಕನಿಗೆ ಆಸರೆ ಎಂಬ ಈ ಮೂರು ಕೆಲಸಗಳು ಪ್ರಭು ಯೇಸುವಿನ ಕಾಲದ ಜನರಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ.

ಇಂದು 'ಸಮುದಾಯ ಕೇಂದ್ರ' ಎಂದು ನಾವು ಕರೆಯುವುದು ಇದನ್ನೇ. ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಅಂಥ ಕೇಂದ್ರ ಎಲ್ಲಿದೆ?

ಹಳ್ಳಿಯ ಒಂದು ವಾರ

ದೊಡ್ಡ ಫಲಕ ಹಾಕಿದ ಕಟ್ಟಡವನ್ನು ಹುಡುಕಬೇಡಿ. ಎಷ್ಟೋ ಊರುಗಳಲ್ಲಿ ಅದು ಅಂಗನವಾಡಿ, ಪಂಚಾಯಿತಿ ಗ್ರಂಥಾಲಯ, ಸಮುದಾಯ ಭವನ ಮತ್ತು ಗುಡಿಯ ಕಟ್ಟೆ ಸೇರಿ ಆಗುವ ಒಂದು ಓಣಿ. ಅಲ್ಲಿಯ ವಾರ ಹೇಗೆ ನಡೆಯುತ್ತದೆಂದು ನೋಡೋಣ.

ಬೆಳಗಿನ ಹೊತ್ತು ಅಂಗನವಾಡಿಯದು. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆ ಇದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಪಾಠ, ಊಟ. ಬಸುರಿ ಬಾಣಂತಿಯರಿಗೆ ಪೌಷ್ಟಿಕ ಆಹಾರ. ಲಸಿಕೆ ಹಾಕುವ ದಿನ ಆರೋಗ್ಯ ಕಾರ್ಯಕರ್ತೆ ಬರುತ್ತಾರೆ. ಮಗುವಿನ ತೂಕ ಬರೆದಿಡುವ ಪಟ್ಟಿಯೇ ಆ ಮಗುವಿಗೆ ಊರು ಇಟ್ಟಿರುವ ಮೊದಲ ಲೆಕ್ಕ.

ಸಂಜೆ ಗ್ರಂಥಾಲಯದ ಸರದಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, 'ಓದುವ ಬೆಳಕು' ಎಂಬ ಹೆಸರಿನಲ್ಲಿ 6ರಿಂದ 18 ವರ್ಷದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲು ಆರಂಭಿಸಿದರು. ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಅಜ್ಜಿಯ ಜೊತೆ ಉಳಿದ ಹುಡುಗನಿಗೆ ಅಲ್ಲಿ ಒಂದು ಬೆಂಚು, ಒಂದು ದೀಪ, ಹೋಂವರ್ಕ್ ನೋಡುವ ಒಬ್ಬ ಅಕ್ಕ ಅಥವಾ ಅಣ್ಣ ಸಿಕ್ಕರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಮಧ್ಯಾಹ್ನ ಬಿಡುವಿದ್ದಾಗ ಕಟ್ಟೆಯ ಮೇಲೆ ಹೆಂಗಸರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಜನ ನಾಲ್ಕು ಮೂಲೆಗೆ ಕುಳಿತು ಹೊಲಿಯುವಾಗ ಯಾರ ಮಗ ಫೋನು ಮಾಡಿಲ್ಲ, ಯಾರ ಮನೆಯಲ್ಲಿ ಜ್ವರ ಎಂಬುದೆಲ್ಲ ಹೊರಬರುತ್ತದೆ. ಶ್ರಾವಣ ಬಂದರೆ ರಾತ್ರಿ ಭಜನೆ. ಸಂತೆಯ ದಿನ ಯಾವ ಸಭೆಯೂ ಇಲ್ಲ, ಅಂದು ಸಂತೆಯೇ ಸಭೆ.

ಇನ್ನು ವಾರಕ್ಕೊಮ್ಮೆ ಮಹಿಳೆಯರ ಸಂಘ. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಆರಂಭವಾದದ್ದು 2000-01ರಲ್ಲಿ. ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ 15ರಿಂದ 20 ಮಹಿಳೆಯರ ಸಂಘಗಳು ಹುಟ್ಟಿದವು. ಅದಕ್ಕೂ ಮುಂಚೆ, 1992ರಲ್ಲಿಯೇ, ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತ್ತು. ನಮ್ಮ ಕಡೆಯ ಕನ್ಯಾಸ್ತ್ರೀಯರಲ್ಲಿ, ಸಮಾಜ ಸೇವಾ ಕೇಂದ್ರಗಳಲ್ಲಿ ಸೇವೆ ಮಾಡಿದ ಅನೇಕರಿಗೆ ಈ ಸಂಘಗಳ ಪರಿಚಯ ಚೆನ್ನಾಗಿದೆ.

ಹೊಲದ ಕೆಲಸ ಮುಗಿದು, ರೊಟ್ಟಿ ಬಡಿದು, ಊಟವಾದ ಮೇಲೆ ಸಂಘ ಕೂಡುತ್ತದೆ. ಮೊದಲು ಹಾಜರಿ. ಆಮೇಲೆ ಉಳಿತಾಯ. ನಂತರ ಸಾಲದ ಕಂತು, ಹೊಸ ಸಾಲದ ಬೇಡಿಕೆ. ಕೊನೆಗೆ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು. ಸಂಘ ಉಳಿಯಬೇಕಾದರೆ ಐದು ಸೂತ್ರಗಳೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ತಪ್ಪದ ಆಂತರಿಕ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ.

ಲೆಕ್ಕ ಸುಲಭ. ಹದಿನೈದು ಜನ ವಾರಕ್ಕೆ 50 ರೂಪಾಯಿಯಂತೆ ಕಟ್ಟಿದರೆ ವಾರಕ್ಕೆ 750 ರೂಪಾಯಿ, 52 ವಾರಕ್ಕೆ 39,000 ರೂಪಾಯಿ. ಈಗ ಆ ಐದು ಸಾವಿರಕ್ಕೆ ಬರೋಣ. ಖಾಸಗಿ ಸಾಲಗಾರನಲ್ಲಿ ನೂರಕ್ಕೆ ತಿಂಗಳಿಗೆ ಐದರಂತೆ ತಂದರೆ ತಿಂಗಳಿಗೆ ಬಡ್ಡಿ 250, ವರ್ಷಕ್ಕೆ 3,000 ರೂಪಾಯಿ. ಸಂಘದಲ್ಲಿ ನೂರಕ್ಕೆ ಒಂದರಂತೆ ಪಡೆದರೆ ವರ್ಷಕ್ಕೆ 600 ರೂಪಾಯಿ, ಅದೂ ಸಂಘದ ಹದಿನೈದು ಜನರಿಗೇ ಸೇರುವ ಹಣ. ಮೇಸ್ತ್ರಿಯ ಮುಂಗಡಕ್ಕೆ ಕೈಯೊಡ್ಡಬೇಕೋ ಬೇಡವೋ ಎಂಬುದು ವಾರದ ಈ ಒಂದು ಗಂಟೆಯಲ್ಲಿ ನಿರ್ಧಾರವಾಗಬಹುದು.

ಇದು ಈ ನೆಲಕ್ಕೆ ಹೊಸದೂ ಅಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಏಷ್ಯಾದಲ್ಲಿ ಮೊದಲನೆಯದೆಂದು ಅದನ್ನು ಕರೆಯುತ್ತಾರೆ. ಬರದ ನಾಡಿನ ಜನ ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುವುದನ್ನು ನೂರು ವರ್ಷಕ್ಕೂ ಹಿಂದೆ ಕಲಿತವರು.

ಹೆಸರು ಬಿಟ್ಟುಹೋದಾಗ

ಆದರೆ ಒಂದು ಕಷ್ಟವಿದೆ. ತಪ್ಪದ ಸಭೆ ಎಂಬ ಸೂತ್ರ ಊರಿನಲ್ಲಿ ಇರುವವರಿಗೆ ಸರಿ. ಗುಳೆ ಹೋದವಳು ಏನು ಮಾಡಬೇಕು? ನಾಲ್ಕು ವಾರ ಹಾಜರಿ ಇಲ್ಲ, ಉಳಿತಾಯ ಇಲ್ಲ. ಐದನೆಯ ವಾರ ಯಾರೋ ಒಬ್ಬರು, "ಆಕಿ ಹೆಸರು ತಗದ ಬಿಡ್ರಿ, ಯಾವಾಗ ಬರ್ತಾಳೋ ಏನೋ" ಎನ್ನುತ್ತಾರೆ. ಹೆಸರು ಹೋಗುತ್ತದೆ. ಮಗುವಿನ ಹೆಸರೂ ಶಾಲೆಯ ಹಾಜರಿಯಿಂದ ಸದ್ದಿಲ್ಲದೆ ಜಾರುತ್ತದೆ. ಮುಂಗಾರಿಗೆ ತಿರುಗಿ ಬಂದಾಗ ಆಕೆಗೆ ತನ್ನೂರಿನಲ್ಲೇ ಲೆಕ್ಕವಿಲ್ಲ. ಮತ್ತೆ ಮೇಸ್ತ್ರಿಯ ಮುಂಗಡವೇ ಗತಿ. ಯಾರಿಗೆ ಸಂಘ ಹೆಚ್ಚು ಬೇಕಾಗಿತ್ತೋ ಅವಳೇ ಹೊರಗುಳಿಯುತ್ತಾಳೆ.

ಪ್ರಥಮ ಕ್ರೈಸ್ತ ಸಮುದಾಯದಲ್ಲಿಯೂ ಇದೇ ಆಯಿತು. ವಿಶ್ವಾಸಿಗಳು ಒಂದಾಗಿ ಪ್ರೇಷಿತರ ಬೋಧನೆ ಕೇಳುತ್ತಿದ್ದರು, ರೊಟ್ಟಿ ಮುರಿಯುತ್ತಿದ್ದರು, ಇದ್ದುದನ್ನು ಹಂಚಿಕೊಳ್ಳುತ್ತಿದ್ದರು (ಪ್ರೇಷಿತರ ಕಾರ್ಯಕಲಾಪಗಳು 2:42-47). ಈ ಭಾಗವನ್ನು ನಾವು ಸಂತೋಷದಿಂದ ಓದುತ್ತೇವೆ. ಆರನೆಯ ಅಧ್ಯಾಯವನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ಗ್ರೀಕ್ ಮಾತನಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆಂಬ ದೂರು ಅಲ್ಲಿ ಬರುತ್ತದೆ. ಪರಸ್ಥಳಗಳಲ್ಲಿ ಬದುಕಿದ, ಬೇರೆ ಭಾಷೆಯ, ಪರವಾಗಿ ಮಾತನಾಡುವವರಿಲ್ಲದ ಹೆಂಗಸರು ಅವರು. ಯಾರೂ ಬೇಕೆಂದು ಬಿಟ್ಟಿದ್ದಾರೆ ಎಂದು ಪವಿತ್ರ ಗ್ರಂಥ ಹೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಯಿತು, ಅಷ್ಟೇ. ಪ್ರೇಷಿತರು ಆ ದೂರನ್ನು ಗೊಣಗಾಟವೆಂದು ತಳ್ಳಿಹಾಕಲಿಲ್ಲ. ಪ್ರಾರ್ಥಿಸಿ, ಕೈಯಿಟ್ಟು ಏಳು ಜನರನ್ನು ಅದೇ ಕೆಲಸಕ್ಕೆ ನೇಮಿಸಿದರು. ಹಂಚಿಕೆಯ ಪಟ್ಟಿ ಸರಿಯಾಗಿ ಇಡುವುದು ಧರ್ಮಸಭೆಯಲ್ಲಿ ಪವಿತ್ರ ಸೇವೆಯಾದದ್ದು ಹೀಗೆ.

ನಮ್ಮ ಸಂಘಗಳೂ ಹಾಗೆ ಮಾಡಬಹುದು. ಗುಳೆ ಹೋಗುವವಳ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆಯುವ ಬದಲು 'ಊರಿಗೆ ಹೋಗಿದ್ದಾಳೆ, ಪಂಚಮಿಗೆ ಬರುತ್ತಾಳೆ' ಎಂದು ಬರೆಯಲಿ. ಉಳಿತಾಯವನ್ನು ಫೋನಿನಿಂದಲೇ ಕಳುಹಿಸುವುದು ಈಗ ಕಷ್ಟವಲ್ಲ. ಸಾಧ್ಯವಾಗದಿದ್ದರೆ ಬಂದ ಮೇಲೆ ಕೂಡಿಸಿ ಕಟ್ಟಲು ಸಂಘವೇ ಠರಾವು ಮಾಡಲಿ. ಅಜ್ಜಿಯ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವ ಹೊಣೆಯನ್ನು ಸದಸ್ಯೆಯೊಬ್ಬಳಿಗೆ ವಹಿಸಲಿ.

ಮಗುವಿಗೆ ಕಾನೂನಿನ ಆಸರೆಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಂತೆ ಊರು ಬಿಟ್ಟು ಹೋಗುವ ಮಗು ಬೇರೆ ಊರಿನ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಹುದು. ಮೊದಲ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಪಡಿತರ ಚೀಟಿ ಇದ್ದವರು 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ಹೊರಗಿನ ಊರಿನಲ್ಲೂ ಧಾನ್ಯ ಪಡೆಯಬಹುದು. ಇದನ್ನು ತಿಳಿಸಿ ಹೇಳುವವರು, ಜೊತೆಗೆ ಬಂದು ನಿಲ್ಲುವವರು ಬೇಕು, ಅಷ್ಟೇ.

ನಮ್ಮ ಸಭಾಂಗಣದ ಬೀಗ

ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಗದಗ ಜಿಲ್ಲೆಯೂ ಅದಕ್ಕೆ ಸೇರಿದೆ. ಈ ಮೂರು ತಾಲೂಕುಗಳಲ್ಲಿ ನಾವು ಸಂಖ್ಯೆಯಲ್ಲಿ ಚಿಕ್ಕವರು. ಆದರೆ ಗುಳೆ ಹೋದವರು ಇಳಿಯುವ ಊರುಗಳಲ್ಲಿ, ಅಂದರೆ ಗೋವಾದಲ್ಲಿ, ಮಂಗಳೂರಿನಲ್ಲಿ, ಉಡುಪಿಯಲ್ಲಿ, ಬೆಂಗಳೂರಿನಲ್ಲಿ, ನಮ್ಮ ದೇವಾಲಯಗಳು ಎಷ್ಟಿವೆ! ಕಟ್ಟಡ ಕೆಲಸದ ಶೆಡ್ಡುಗಳು ಅನೇಕ ಕಡೆ ಧರ್ಮಕೇಂದ್ರದ ಆವರಣದ ಗೋಡೆಗೇ ತಾಗಿರುತ್ತವೆ. ಗೋಡೆಯ ಈಚೆ ಸುಂದರವಾದ ಸಭಾಂಗಣ, ಫ್ಯಾನು, ನಲ್ಲಿ, ಶೌಚಾಲಯ. ಭಾನುವಾರ ಧರ್ಮೋಪದೇಶ, ಮದುವೆ ಇದ್ದರೆ ಮದುವೆ. ಉಳಿದ ದಿನ ಬೀಗ.

ನಾನು ಬಲ್ಲ ಒಂದು ಸಭಾಂಗಣದಲ್ಲಿ ಆಗಮನ ಕಾಲದಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ಆರಂಭವಾಯಿತು. ಬ್ಯಾನರು, ಫೋಟೋ, ಬಿಸ್ಕತ್ತು ಎಲ್ಲ ಇದ್ದವು. ತಪಸ್ಸುಕಾಲ ಬರುವಷ್ಟರಲ್ಲಿ ನಿಂತುಹೋಯಿತು. ಕೀಲಿಕೈ ಇಟ್ಟುಕೊಂಡವರು ವರ್ಗವಾಗಿದ್ದರು, ಮತ್ತೊಬ್ಬರಿಗೆ ವಹಿಸಿರಲಿಲ್ಲ. ನಾಲ್ಕೈದು ಮಕ್ಕಳು ಚೀಲ ಹಿಡಿದು ಕೆಲವು ಸಂಜೆ ಬಂದು ಮೆಟ್ಟಿಲ ಮೇಲೆ ಕುಳಿತು ಹೋದರಂತೆ. ಆರಂಭಿಸದೇ ಇದ್ದಿದ್ದರೆ ಆ ಮಕ್ಕಳು ಕಾಯುತ್ತಿರಲಿಲ್ಲ. ಆ ಸಭಾಂಗಣದ ಎದುರು ಹಾದುಹೋದವರಲ್ಲಿ ನಾನೂ ಒಬ್ಬ. ಕೀಲಿಕೈ ಕೇಳಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ಪ್ರಿಯ ಓದುಗರೇ, ದೊಡ್ಡ ಯೋಜನೆ ಬೇಡ. ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತು ಮಾಡಿ. ಮಳೆ ಬರಲಿ, ಅತಿಥಿಗಳು ಬರಲಿ, ಆ ಗಂಟೆಗೆ ಬಾಗಿಲು ತೆರೆಯಲಿ. ಒಂದು ಹಾಜರಿ ಪುಸ್ತಕ ಇಡಿ. ಕೀಲಿಕೈ ಎರಡು ಮಾಡಿಸಿ, ಎರಡು ಮನೆಗಳಲ್ಲಿಡಿ. ಬಂದವರ ಜಾತಿ, ಧರ್ಮ ಕೇಳಬೇಡಿ, ಊರು ಕೇಳಿ. "ಯಾವೂರ್ರಿ ಅಕ್ಕಾ ನಿಮ್ದು?" ಎಂದು ಅವರ ಮಾತಿನಲ್ಲೇ ಕೇಳಿದರೆ ಅರ್ಧ ಆಯಾಸ ಇಳಿಯುತ್ತದೆ. ಮಗು ಶಾಲೆಗೆ ಹೋಗದಿದ್ದರೆ ಹತ್ತಿರದ ಶಾಲೆಗೆ ನೀವೇ ಜೊತೆಗೆ ಹೋಗಿ. ನಿವೃತ್ತ ಶಿಕ್ಷಕರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಸಂತ ವಿನ್ಸೆಂಟ್ ದೆ ಪೌಲರ ಸಭೆ, ಮಹಿಳಾ ಸಂಘ, ಯುವಕರ ಸಂಘ ಇವೆ. ಎಲ್ಲರೂ ಸೇರಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಸಂಜೆಯೂ ಬರುವುದಿಲ್ಲ.

ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಓದಿ ಕುಳಿತಾಗ ಜನ ಒಬ್ಬರ ಮುಖ ಒಬ್ಬರು ನೋಡಿ, ಇವನು ಜೋಸೆಫನ ಮಗನಲ್ಲವೇ ಎಂದುಕೊಂಡರು (ಲೂಕ 4:22). ಅದೇ ಜನ ಅಂದೇ ಅವರನ್ನು ಊರ ಹೊರಗೆ ದಬ್ಬಿದರೆಂಬುದೂ ನಮಗೆ ಗೊತ್ತು. ಒಂದು ಸಮುದಾಯ ಹೆಸರು ಹಿಡಿದು ಕರೆಯಬಲ್ಲದು, ಹೊರಗೂ ಹಾಕಬಲ್ಲದು. ಹಾಗಿದ್ದರೂ ಒಂದು ಮಾತು ಉಳಿಯುತ್ತದೆ. ಹಸುಗೂಸಾಗಿ ಪರದೇಶಕ್ಕೆ ಓಡಿಹೋಗಿ ಬಂದ ಮಗುವಿನ ಹೆಸರೂ ಅವನ ತಂದೆಯ ಹೆಸರೂ ಆ ಊರಿಗೆ ಗೊತ್ತಿದ್ದವು.

ಈ ಹಬ್ಬದ ಬಲಿಪೂಜೆಯ ನಂತರ ಗೋದಲಿಯ ಮುಂದೆ ಮೊಣಕಾಲೂರುವಾಗ ಒಂದು ಗುಳೆ ಕುಟುಂಬದ ಹೆಸರನ್ನಾದರೂ ಹೇಳಿ ಪ್ರಾರ್ಥಿಸೋಣ. ಹೇಳಲು ಒಂದು ಹೆಸರೂ ನೆನಪಾಗದಿದ್ದರೆ, ಮುಂದಿನ ಭಾನುವಾರದೊಳಗೆ ಒಂದನ್ನು ಕೇಳಿ ತಿಳಿದುಕೊಳ್ಳೋಣ. ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬ ಹೋದವರನ್ನೂ ಉಳಿದವರನ್ನೂ ಕಾಪಾಡಲಿ. ಆಮೆನ್.